ಸೋಮವಾರದ ಗೆಲುವುಗಳು

ಹೋದ ತಿಂಗಳ ಎರಡನೇ ಬುಧವಾರ ಕೆಲಸದ ಮೇಲೆ ಅಜ್ಜಂಪುರಕ್ಕೆ ಹೊರಟಿದ್ದೆ. ಬೀರೂರು ದಾಟಿದ ಮೇಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು ಜಗಳಕ್ಕೆ ಬಿದ್ದರು. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಪೆಟ್ಟಿಗೆಗಳನ್ನು ಹೊರದೇಶದ ಎರಡು ಕಂಪನಿಗಳು ಮಾಡುತ್ತವೆ. ಅದರಲ್ಲಿ ಯಾರದು ಮೇಲು ಎನ್ನುವುದೇ ಜಗಳ.

"ನಿನ್ ಡಬ್ಬದಲ್ಲಿ ಆಡೋಕೆ ನೆಟ್ಟಗಿರೋ ಗೇಮ್ ಒಂದಾದ್ರೂ ಐತೇನೋ?"

"ನಿಂದು ಆನ್ ಮಾಡಿದ್ರೆ ಬೋರ್‌ವೆಲ್ ಲಾರಿ ಬಂದಂಗೆ ಸದ್ದು ಬರುತ್ತೆ, ಹೋಗಲೇ."

ಅಕ್ಕಪಕ್ಕದವರು ನಕ್ಕರು. ನನಗೆ ನಗು ಬರಲಿಲ್ಲ. ಇದೇ ಜಗಳವನ್ನು ನಾಲ್ಕು ವರ್ಷದ ಹಿಂದೆ, ಜ್ಯೇಷ್ಠದಿಂದ ಶ್ರಾವಣದ ಕೊನೆಯವರೆಗೆ, ನಾನೂ ಆಡಿದ್ದೆ. ಅದರ ಲೆಕ್ಕವೆಲ್ಲ ನನ್ನ ಹತ್ತಿರ ಬರವಣಿಗೆಯಲ್ಲಿದೆ.

ಏಳನೇ ಕ್ಲಾಸಿನಿಂದ ನಾನು ಡೈರಿ ಬರೆಯುತ್ತೇನೆ. ಮಳೆ ಬಂದ ದಿನ, ಬಸ್ಸು ತಡವಾದ ನಿಮಿಷ, ಓದಿದ ಪುಟ, ಎಲ್ಲವೂ ಅದರಲ್ಲಿರುತ್ತದೆ. ಆ ವರ್ಷ ನಾನು ಕಡೂರಿನಲ್ಲಿ ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದೆ. ಮನೆಗೆ ಆಗಷ್ಟೇ ಫೈಬರ್ ನೆಟ್ ಬಂದಿತ್ತು. ನನ್ನ ಪೆಟ್ಟಿಗೆ ಬಿಳಿಯದು. ತರೀಕೆರೆಯ ಇಮ್ರಾನ್ ನನ್ನ ಕ್ಲಾಸಿನವನು, ಅವನದೂ ಬಿಳಿಯದೇ. ಅಜ್ಜಂಪುರದ ಪ್ರದೀಪನ ಮನೆಯಲ್ಲಿ ಇನ್ನೊಂದು ಕಂಪನಿಯ ಕಪ್ಪು ಪೆಟ್ಟಿಗೆ ಇತ್ತು, ಅವನ ಗೆಳೆಯ ದರ್ಶನ್ ಹತ್ತಿರವೂ ಅಂಥದ್ದೇ ಇತ್ತು. ಪ್ರದೀಪನೂ ನಮ್ಮ ಕ್ಲಾಸಿನವನೇ. ಅವರ ಮನೆಯವರು ಪೈಪು, ಮೋಟರು ಮಾರುವ ಅಂಗಡಿ ಇಟ್ಟುಕೊಂಡಿದ್ದರು.

ಈ ಎರಡು ಕಂಪನಿಗಳು ಬಹಳ ವರ್ಷ ತಮ್ಮ ಗಿರಾಕಿಗಳನ್ನು ಬೇರೆ ಬೇರೆ ದೊಡ್ಡಿಯಲ್ಲೇ ಕೂಡಿಹಾಕಿದ್ದವು. ಕಪ್ಪಿನವನು ಕಪ್ಪಿನವನ ಜೊತೆ, ಬಿಳಿಯವನು ಬಿಳಿಯವನ ಜೊತೆ ಮಾತ್ರ ಆಡಬಹುದಿತ್ತು. ಆಮೇಲೆ ಒಂದೊಂದೇ ಆಟಕ್ಕೆ ನಡುವಿನ ಬೇಲಿ ತೆಗೆದರು. ನಮ್ಮ ಫುಟ್‌ಬಾಲ್ ಆಟಕ್ಕೂ ತೆಗೆದಾಗ, ಡಿಪ್ಲೊಮಾದ ಮೂರು ವರ್ಷ ಬಾಯಲ್ಲೇ ನಡೆದಿದ್ದ ಜಗಳವನ್ನು ಆಡಿಯೇ ತೀರಿಸೋಣ ಎಂದು ನಾವು ನಾಲ್ವರೂ ತೀರ್ಮಾನಿಸಿದೆವು. ಆ ಕಂಪನಿಗಳಿಗೆ ಕಡೂರು ಎಂಬ ಊರಿರುವುದೇ ಗೊತ್ತಿಲ್ಲ. ಆದರೂ ಹೊಸ ಮಾದರಿ ಬಿಡುಗಡೆಯಾದಾಗ ನಾವು ನಮ್ಮ ಮನೆ ಹುಡುಗನೇ ಡಿಸಿ ಆದ ಹಾಗೆ ಬೀಗುತ್ತಿದ್ದೆವು.

"ನಮ್ಮಣ್ಣನ ಮದುವೆ ಮುಗೀಲಿ, ಆಮೇಲೆ ನಿಮ್ಮನ್ನ ನೋಡ್ಕೋತೀನಿ" ಎಂದಿದ್ದ ಪ್ರದೀಪ. ಮದುವೆ ವೈಶಾಖದಲ್ಲಾಯಿತು. ನನಗೆ ಪರೀಕ್ಷೆ ಇದ್ದುದರಿಂದ ಹೋಗಲಿಲ್ಲ. ಜ್ಯೇಷ್ಠದ ಮೊದಲ ಸೋಮವಾರ ಆಟ ಶುರುವಾಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಆಟ. ಅವರ ಕಡೆಯಿಂದ ಸೋಮವಾರ ಮತ್ತು ಗುರುವಾರ ಪ್ರದೀಪ, ಶನಿವಾರ ದರ್ಶನ್. ನಮ್ಮ ಕಡೆಯಿಂದ ದಿನಾ ನಾನೊಂದು ಆಟ, ಇಮ್ರಾನ್ ಒಂದು ಆಟ. ಶ್ರಾವಣದ ಕೊನೇ ಸೋಮವಾರಕ್ಕೆ ಮುಕ್ತಾಯ. ಸೋತ ಕಡೆಯವರು ಒಂದು ತಿಂಗಳು ತಮ್ಮ ಮೊಬೈಲಿನ ಸ್ಟೇಟಸ್ಸಿನಲ್ಲಿ 'ಅವರ ಪೆಟ್ಟಿಗೆಯೇ ದೊಡ್ಡದು' ಎಂದು ಹಾಕಿಕೊಳ್ಳಬೇಕು. ಪಂದ್ಯದ ಪಣ ಇಷ್ಟೇ. ಇದನ್ನು ಮತ್ತೆ ಬರೆಯುತ್ತೇನೆ: ಇಷ್ಟೇ.

ನಿಯಮಗಳನ್ನು ಬರೆದವನು ನಾನು, ಲೆಕ್ಕ ಇಟ್ಟವನೂ ನಾನು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನ, ಶುರುವಾದ ಹೊತ್ತು, ಆಡಿದವರು, ಗೋಲು, ಷರಾ ಎಂದು ಮನೆ ಮಾಡಿದ್ದೆ. ಪ್ರತಿ ಭಾನುವಾರ ಪುಟದ ಫೋಟೋ ತೆಗೆದು ನಮ್ಮ ಗ್ರೂಪಿಗೆ ಹಾಕುತ್ತಿದ್ದೆ. "ಬಂದ್ರು ನೋಡಪ್ಪಾ ಶಾನುಭೋಗರು" ಎಂದು ಇಮ್ರಾನ್ ಕಾಡಿಸುತ್ತಿದ್ದ.

ಮೂರನೇ ವಾರಕ್ಕೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗುರುವಾರದ ಪ್ರದೀಪ ನನಗೆ ಮೂರು ವರ್ಷದಿಂದ ಗೊತ್ತಿದ್ದ ಪ್ರದೀಪ. ಚೆಂಡು ಸಿಕ್ಕರೆ ಸಾಕು, ತಲೆ ತಗ್ಗಿಸಿಕೊಂಡು ಓಡುವುದು. ಮೈಕಿನಲ್ಲಿ ಬಾಯಿ ಮುಚ್ಚದೆ ಬೈಯುವುದು. ಗೋಲು ಹೊಡೆದರೆ ಪರದೆಯ ಮೇಲೆ ಅರ್ಧ ನಿಮಿಷ ಕುಣಿಸುವುದು. ಸೋಮವಾರದ ಪ್ರದೀಪನ ಮೈಕು ಬಂದ್. ಚೆಂಡನ್ನು ಹಿಂದೆ ಮುಂದೆ ಆಡಿಸಿ, ನಮ್ಮನ್ನೆಲ್ಲ ಬಲಗಡೆಗೆ ಎಳೆದು, ಖಾಲಿಯಾದ ಎಡಗಡೆಯಿಂದ ನುಗ್ಗುವುದು. ಗೋಲಾದರೆ ಕುಣಿತವಿಲ್ಲ, ಬಟನ್ ಒತ್ತಿ ಕೂಡಲೇ ಆಟ ಮುಂದಕ್ಕೆ. ಒಮ್ಮೆ ನನ್ನ ನೆಟ್ ಸಿಕ್ಕಿಕೊಂಡು ನನ್ನ ಆಟಗಾರರೆಲ್ಲ ಮೈದಾನದಲ್ಲಿ ಕಂಬಗಳ ಹಾಗೆ ನಿಂತುಬಿಟ್ಟರು. ಎದುರು ಕಡೆಯವರು ಗೋಲಿಗೆ ಬರದೆ, ನನ್ನ ನೆಟ್ ಸರಿಹೋಗುವವರೆಗೂ ತಮ್ಮತಮ್ಮಲ್ಲೇ ಚೆಂಡು ದಾಟಿಸುತ್ತ ಕಾದರು. ಆ ದಿನದ ಷರಾದಲ್ಲಿ ಬರೆದಿದ್ದೇನೆ: 'ಪ್ರದೀಪ ಕಾದ. ಯಾಕೆ?'

ಸೋಮವಾರದ ಆಟದಲ್ಲಿ ಸೋಲುತ್ತಿದ್ದೆ. ಆದರೂ ವಾರವಿಡೀ ನಾನು ಕಾಯುತ್ತಿದ್ದುದು ಸೋಮವಾರಕ್ಕೆ.

ಜ್ಯೇಷ್ಠದ ನಾಲ್ಕು ಸೋಮವಾರ ಎಂಟು ಆಟ. ಅವರಿಗೆ ಏಳು ಗೆಲುವು. ಆಮೇಲೆ ಗಾಳಿ ಎದ್ದಿತು. ತೆಂಗಿನ ಗರಿ ತಂತಿಯ ಮೇಲೆ ಬಿದ್ದು ದಿನಕ್ಕೆರಡು ಸಲ ಕರೆಂಟು ಹೋಗುವ ಗಾಳಿ. ಸೋಮವಾರದ ಆಟವೂ ಬದಲಾಯಿತು. ಅಷ್ಟು ದಿನ ಸಂಜೆ ಆರೂವರೆಗೆ ಶುರುವಾಗುತ್ತಿದ್ದುದು ಎಂಟೂವರೆಗೆ ಹೋಯಿತು, ಮೈಕಿನಲ್ಲಿ ಬೈಗುಳ ಬಂತು, ನಾಲ್ಕು ಸೋಮವಾರದ ಎಂಟು ಆಟದಲ್ಲಿ ಅವನು ಗೆದ್ದದ್ದು ಒಂದು. ಶ್ರಾವಣ ಹುಟ್ಟಿತು. ಮತ್ತೆ ಆರೂವರೆ, ಮತ್ತೆ ಮೌನ, ಮತ್ತೆ ಎಡಗಡೆಯಿಂದ ಗೋಲು.

ಶ್ರಾವಣದ ಎರಡನೇ ಸೋಮವಾರ ಆಟ ಮುಗಿಸಿ ಮೊಬೈಲು ನೋಡಿದರೆ ಪ್ರದೀಪನ ಸ್ಟೇಟಸ್ಸಿನಲ್ಲಿ ಒಂದು ಫೋಟೋ. ಊರಾಚೆಯ ಮಠದ ದಾಸೋಹದಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸೌಟು ಹಿಡಿದು ಸಾರು ಬಡಿಸುತ್ತಿದ್ದಾನೆ. ಹಾಕಿದ ಹೊತ್ತು ಆರು ನಲವತ್ತು. ನನ್ನ ಪುಸ್ತಕದ ಪ್ರಕಾರ ಆರು ನಲವತ್ತಕ್ಕೆ ಅವನು ನನಗೆ ಎರಡನೇ ಗೋಲು ಹೊಡೆಯುತ್ತಿದ್ದ.

ಮಾರನೆಯ ದಿನ ಹಜಾರದಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದೆ. ಅಜ್ಜಿ ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು.

"ಅದೇನ್ ಕಣೋ, ಬೆಳಗ್ಗಿಂದ ಗುಣಾಕಾರ?"

"ಅಜ್ಜಂಪುರದ ಪ್ರದೀಪ ಸೋಮವಾರ ಗೆಲ್ತಾನೆ ಅಜ್ಜಿ, ಗುರುವಾರ ಸೋಲ್ತಾನೆ. ನಡುವೆ ಒಂದು ತಿಂಗಳು ಸೋಮವಾರನೂ ಸೋತ. ಈಗ ಮತ್ತೆ ಗೆಲ್ತಾ ಇದಾನೆ."

"ಯಾವ್ ತಿಂಗ್ಳು ಸೋತಿದ್ದು?"

ತಾರೀಖು ಹೇಳಿದೆ. ಅಜ್ಜಿ ಬೆರಳು ಮಡಿಸಿ ಎಣಿಸಿದರು.

"ಅಯ್ಯೋ ಮಂಕೆ, ಅದು ಆಷಾಢ ಅಲ್ವೇನೋ! ಅವರ ಮನೆಗೆ ಹೊಸ ಸೊಸೆ ಬಂದವ್ಳೆ ಅಂದಿದ್ಯಲ್ಲ. ಆಷಾಢದಾಗೆ ಅತ್ತೆ ಮನೇಲಿ ಇರೋಹಂಗಿಲ್ಲ, ತವರಿಗೆ ಹೋಗಿರ್ತಾಳೆ. ಅವ್ಳು ಮನೇಲಿದ್ರೆ ಇವ್ನು ಗೆಲ್ತಾನೆ, ಇಲ್ದಿದ್ರೆ ಸೋಲ್ತಾನೆ. ಕಾಲ್ಗುಣ ಕಣೋ, ಆ ಹುಡುಗಿ ಕಾಲ್ಗುಣ!"

ಅಜ್ಜಿ ಮತ್ತೆ ಬೇಳೆಯ ಕಡೆ ತಿರುಗಿದರು. ನನ್ನ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಅಜ್ಜಿ ಕಾಲ್ಗುಣ ಎಂದದ್ದು ಕೈಯ ಗುಣ ಎಂದು ನನಗೆ ಆ ಕ್ಷಣವೇ ತಿಳಿಯಿತು. ಆ ದಿನದ ಪುಟದಲ್ಲಿ ಅದನ್ನು ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ಅದೊಂದೇ ಸಲ.

ಮೂರನೇ ಸೋಮವಾರ ಗೊತ್ತಿದ್ದೇ ಆಡಿದೆ. ಮೂರು-ಎರಡರಲ್ಲಿ ಸೋತೆ. ಯಾರಿಗೂ ಹೇಳುವುದು ಬೇಡ ಎಂದುಕೊಂಡೆ. ಆ ನಿರ್ಧಾರಕ್ಕೆ ಒಂದು ವಾರ ಮಾತ್ರ ಆಯುಸ್ಸು.

ಕೊನೇ ಸೋಮವಾರ ಬಂದಾಗ ಕಪ್ಪಿಗೆ ಮೂವತ್ತಮೂರು, ಬಿಳಿಗೆ ಮೂವತ್ತಮೂರು. ಉಳಿದದ್ದು ಎರಡೇ ಆಟ, ಎರಡೂ ಸೋಮವಾರದವು. ಬೆಳಗ್ಗೆ ಇಮ್ರಾನ್ ಫೋನ್ ಮಾಡಿದ.

"ಒಂದು ತಿಂಗಳು ಆ ಕಪ್ಪು ಡಬ್ಬಕ್ಕೆ ಜೈ ಅನ್ಬೇಕಲ್ಲೋ! ನಮ್ಮ ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ? ಶಾನುಭೋಗರೇ, ನಿಮ್ಮ ಪುಸ್ತಕದಲ್ಲಿ ಏನಾದ್ರೂ ದಾರಿ ಐತಾ?"

"ಇದೆ" ಎಂದೆ. "ಸೋಮವಾರ ಆಡೋನು ಪ್ರದೀಪ ಅಲ್ಲ. ಮೊದಲ ಆಟ ನೀನು ಆಡ್ತಿರು. ನಾನು ಅಜ್ಜಂಪುರಕ್ಕೆ ಹೋಗಿ ಹಿಡೀತೀನಿ."

"ಮತ್ತೆ ಯಾರೋ ಆಡ್ತಿರೋದು?"

"ಗೊತ್ತಿಲ್ಲ."

ಆ ವರ್ಷ ಹೇಳಿದ ಮೊದಲ ಸುಳ್ಳು ಅದು.

ಮಧ್ಯಾಹ್ನದ ಬಸ್ಸು ಹತ್ತಿದೆ. ಐದೂ ಮುಕ್ಕಾಲಿಗೆ ಅಜ್ಜಂಪುರ. ಜಿಟಿಜಿಟಿ ಮಳೆ. ಮಠದವರೆಗೆ ನಡೆದೇ ಹೋದೆ. ಶ್ರಾವಣದ ಕೊನೇ ಸೋಮವಾರವಾದ್ದರಿಂದ ದಾಸೋಹದ ಹಜಾರ ತುಂಬಿತ್ತು. ಪ್ರದೀಪನ ಅಪ್ಪ, ಅಣ್ಣ ಒಲೆಮನೆಯ ಕಡೆ ಇದ್ದರು. ಪ್ರದೀಪ ಬಕೆಟ್ ಹಿಡಿದು ಪಾಯಸ ಬಡಿಸುತ್ತಿದ್ದ. ಅವನ ಅಮ್ಮ ಎದುರು ಸಾಲಿಗೆ ಅನ್ನ ಬಡಿಸುತ್ತಿದ್ದರು. ನಾನು ಕಂಬದ ಪಕ್ಕ ನಿಂತು ಮೊಬೈಲಿನಲ್ಲಿ ಆಟದ ಆ್ಯಪ್ ತೆರೆದೆ. ಪ್ರದೀಪನ ಹೆಸರಿನ ಪಕ್ಕ ಹಸಿರು ಚುಕ್ಕೆ. ಅದರ ಕೆಳಗೆ 'ಆಡುತ್ತಿದ್ದಾರೆ'. ಆರು ಮೂವತ್ತೇಳು.

"ಲೇ, ನೀನೇನೋ ಇಲ್ಲಿ!" ಪ್ರದೀಪ ನಿಜವಾಗಿಯೂ ಸಂತೋಷಪಟ್ಟ. "ಬಾ, ಕೂತ್ಕೋ, ಊಟ ಮಾಡು. ಅಮ್ಮಾ, ಕಡೂರಿಂದ ಬಂದವ್ನೆ ನೋಡು, ನಮ್ಮ ಫ್ರೆಂಡು."

"ನೀನಿಲ್ಲಿದೀಯ. ಹಂಗಾದ್ರೆ ಇದ್ಯಾರು?" ಎಂದು ಮೊಬೈಲು ತೋರಿಸಿದೆ.

ಅವನ ಮುಖ ಇಳಿದುಹೋಯಿತು. ಬಕೆಟ್ ಕೆಳಗಿಟ್ಟು ನನ್ನ ತೋಳು ಹಿಡಿದ. "ಮೆತ್ತಗೆ ಕಣೋ. ಆಚೆ ಬಾ, ಎಲ್ಲಾ ಹೇಳ್ತೀನಿ. ನೀವೇ ಗೆದ್ರಿ ಅಂತ ಬರ್ಕೊ ಬೇಕಾದ್ರೆ. ಕೈ ಮುಗೀತೀನಿ, ಆಚೆ ಬಾ."

ನಾನು ಆಚೆ ಹೋಗಬಹುದಿತ್ತು. ಗೆಲುವನ್ನು ಅವನೇ ಕೈಗೆ ಕೊಟ್ಟಿದ್ದ. ಆದರೆ ಮೂರು ತಿಂಗಳ ನನ್ನ ಲೆಕ್ಕ ಸರಿಯಾಗಿದೆ ಎಂದು ಯಾರಾದರೂ ಒಬ್ಬರು ಎದುರಿಗೆ ಒಪ್ಪಬೇಕಿತ್ತು. ಅವನ ಅಮ್ಮ ಅಷ್ಟರಲ್ಲಿ ಹತ್ತಿರ ಬಂದಿದ್ದರು.

"ಏನಪ್ಪಾ ಅದು?"

"ಏನಿಲ್ಲಮ್ಮ. ನಿಮ್ಮನೇಲಿ ಈಗ ಯಾರಿದಾರೆ?"

"ನಮ್ ಸೊಸೆ ಒಬ್ಳೇ ಕಣಪ್ಪ. ಸೋಮ್ವಾರ ಬಂದ್ರೆ ಬೆನ್ನು ನೋವು ಅಂತಾಳೆ, ಪಾಪ. ಮಲ್ಗವ್ಳೆ. ಯಾಕಪ್ಪ?"

ಪ್ರದೀಪ ನನ್ನನ್ನೇ ನೋಡುತ್ತಿದ್ದ.

"ಮಲಗಿಲ್ಲಮ್ಮ. ಗೇಮ್ ಆಡ್ತಿದಾರೆ. ಪ್ರತಿ ಸೋಮವಾರ ಆಡ್ತಾರೆ. ನೋಡಿ, ನನ್ನ ಹತ್ರ ಬರೆದಿಟ್ಟಿದೆ."

ಬ್ಯಾಗಿನಿಂದ ಪುಸ್ತಕವನ್ನೂ ತೆಗೆದಿದ್ದೆ. ಆ ತಾಯಿ ಪುಸ್ತಕ ನೋಡಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲೂ ಇಲ್ಲ. ಅನ್ನದ ಪಾತ್ರೆಯನ್ನು ಕೆಳಗಿಟ್ಟರು.

"ಹಾಲು ಕಾಯ್ಸಿ, ಅರಿಶಿನ ಹಾಕಿ, ಮಂಚದ ಹತ್ರ ಇಟ್ಟು ಬಂದೆ ನಾನು" ಎಂದರು. ನನಗಲ್ಲ, ಪ್ರದೀಪನಿಗೂ ಅಲ್ಲ. ಆಮೇಲೆ ಕೈ ತೊಳೆದುಕೊಂಡು, ದೊಡ್ಡ ಮಗನನ್ನು ಕರೆದು, ಮನೆಗೆ ಹೊರಟರು.

ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಇಮ್ರಾನ್ ಫೋನು ಬಂತು. "ಎರಡು-ಒಂದು ಇತ್ತು, ಅವರದೇ ಮೇಲು. ಥಟ್ ಅಂತ ನಿಂತೋಯ್ತು ಕಣೋ. ಹಿಡಿದ್ಯಾ?"

"ಹಿಡಿದೆ" ಎಂದೆ.

ಬುಧವಾರ ಪ್ರದೀಪ ಫೋನ್ ಮಾಡಿದ. ಕೂಗಾಡಿದ್ದರೆ ಚೆನ್ನಾಗಿತ್ತು. ಸುಸ್ತಾದವನ ಹಾಗೆ ಒಂದೊಂದೇ ಹೇಳಿದ. ಅತ್ತಿಗೆಯ ತವರು ಲಕ್ಕವಳ್ಳಿ. ತಂದೆಗೆ ಡ್ಯಾಮಿನಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಲ್ಲಿ ಅವರಿಗೂ ಅವರ ತಮ್ಮನಿಗೂ ಸೇರಿ ಒಂದು ಹಳೇ ಕಪ್ಪು ಪೆಟ್ಟಿಗೆ ಇತ್ತು. ಕಾಲೋನಿಯ ಹುಡುಗರನ್ನೆಲ್ಲ ಸೋಲಿಸುತ್ತಿದ್ದರಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಕಾಫಿ ಕೊಡಲು ಬಂದವರು ಇವನ ಆಟ ನೋಡಿ, "ಎಡಗಡೆ ಪೂರಾ ಖಾಲಿ ಐತಲ್ಲೋ" ಎಂದಿದ್ದರಂತೆ. ದಿನವಿಡೀ ಮನೆ ತುಂಬ ಜನ. ಎಲ್ಲರೂ ಮಠಕ್ಕೆ ಹೋಗುವ ಸೋಮವಾರದ ಎರಡು ಗಂಟೆ ಮಾತ್ರ ಅವರದು. ಅದಕ್ಕೇ ಪ್ರದೀಪ ಸೋಮವಾರ ತನ್ನ ಪಾಳಿ ಎಂದು ಕೇಳಿ ಹಾಕಿಸಿಕೊಂಡಿದ್ದ.

"ನಾವು ಮಠದಿಂದ ಬರೋ ಹೊತ್ತಿಗೆ ರಿಮೋಟ್ ಒರೆಸಿ ಇಟ್ಟಿರೋರು. ಬಾಗ್ಲಲ್ಲೇ ನನ್ ಕಡೆ ನೋಡಿ ಎರಡು ಬೆರಳು ತೋರ್ಸೋರು, ಎರಡೂ ಗೆದ್ದೆ ಅಂತ. ಆ ನಗು ಮಿಕ್ಕಿದ್ ದಿನ ನಮ್ಮನೇಲಿ ಯಾರೂ ನೋಡಿಲ್ಲ ಕಣೋ."

"ಅಮ್ಮ ಏನಂದ್ರು?"

"ಆಡಿದ್ದಕ್ಕಲ್ಲ, ದೇವ್ರ ಕೆಲಸದ ದಿನ ಸುಳ್ಳು ಹೇಳಿದ್ಲಲ್ಲ ಅಂದ್ರು. ಅಷ್ಟೇ. ಪೆಟ್ಟಿಗೇನ ಹಳೇ ಸೀರೇಲಿ ಸುತ್ತಿ, ಯಾರಿಗಾದ್ರೂ ಕೊಟ್ಬಿಡು ಅಂತ ನನ್ ಕೈಗಿಟ್ರು. ಅತ್ತಿಗೆ ಅಲ್ಲೇ ನಿಂತಿದ್ರು. ವೈರ್ ಮರ್ತಿದೀರಾ ಅಂತ ಅವ್ರೇ ತಂದು ಕೊಟ್ರು."

ಕೊನೆಗೆ ಕೇಳಿದ: "ನಂಗೊಬ್ಬನಿಗೇ ಹೇಳಿದ್ರೆ ಆಗ್ತಿರ್ಲಿಲ್ವೇನೋ?"

ಆ ವಾರ ಪ್ರದೀಪ ಮತ್ತು ದರ್ಶನ್ ಮಾತಿಗೆ ತಪ್ಪದೆ ಸ್ಟೇಟಸ್ ಹಾಕಿಕೊಂಡರು: 'ಬಿಳಿ ಪೆಟ್ಟಿಗೆಯೇ ದೊಡ್ಡದು.' ಇಮ್ರಾನ್ ಸಂಗತಿ ತಿಳಿದ ಮೇಲೆ ಮೂರನೇ ದಿನಕ್ಕೆ ಅದನ್ನು ತೆಗೆಸಿದ.

"ನಿಂಗೆ ಮೊದಲೇ ಗೊತ್ತಿತ್ತೇನೋ, ಅವರತ್ತಿಗೆ ಅಂತ?" ಎಂದು ನನ್ನನ್ನು ಕೇಳಿದ.

"ಇಲ್ಲ."

"ಗೊತ್ತಿದ್ದಿದ್ರೆ ನಂಗೆ ಹೇಳ್ಬಿಡಪ್ಪ. ನಾನು ಸೋತಿರ್ತಿದ್ದೆ. ಒಂದು ತಿಂಗಳು ಜೈ ಅಂದಿದ್ರೆ ಏನ್ ಗಂಟು ಹೋಗ್ತಿತ್ತು?"

ಇಷ್ಟು ಸುಲಭದ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂದು ಈ ನಾಲ್ಕು ವರ್ಷದಲ್ಲಿ ಬಹಳ ಸಲ ಯೋಚಿಸಿದ್ದೇನೆ. ಕೆಟ್ಟದ್ದು ಮಾಡಬೇಕೆಂದು ನಾನು ಹೋಗಿರಲಿಲ್ಲ ಎಂದು ಬರೆದುಕೊಳ್ಳಬಹುದು. ಆದರೆ ಅದು ಪೂರ್ತಿ ನಿಜವಲ್ಲ. ನನಗೆ ಗೊತ್ತಿತ್ತು. ಆ ಬೆನ್ನು ನೋವು ಎಂಥದ್ದೆಂದು ಆ ಹಜಾರದಲ್ಲಿ ಪ್ರದೀಪನನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ.

ಡಿಪ್ಲೊಮಾ ಆದ ಮೇಲೆ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡುವ ಕೆಲಸಕ್ಕೆ ಸೇರಿದೆ. ಪಂಚನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಸುತ್ತುತ್ತೇನೆ. ಅಜ್ಜಂಪುರದ ಕೆಲಸ ಬಂದಾಗಲೆಲ್ಲ ಏನೋ ನೆಪ ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ. ಈ ಸಲ ತಪ್ಪಿಸಿಕೊಳ್ಳಲಾಗಲಿಲ್ಲ. ಪ್ರದೀಪನ ಮನೆಯವರ ಅಂಗಡಿಯಿಂದಲೇ ಸಾಮಾನು ತರಬೇಕಿತ್ತು. ಅವನು ದಾವಣಗೆರೆಯಲ್ಲಿದ್ದಾನೆ, ಊರಿಗೆ ಬರುವುದು ಅಪರೂಪ ಎಂದು ಗೊತ್ತಿತ್ತು.

ಅಂಗಡಿಯಲ್ಲಿ ಮೇಜಿನ ಹಿಂದೆ ಹೆಂಗಸೊಬ್ಬರು ಕೂತು ಬಿಲ್ಲು ಬರೆಯುತ್ತಿದ್ದರು. ಎರಡು ವರ್ಷದ ಮಗುವೊಂದು ಅವರ ಕಾಲ ಬಳಿ ಪೈಪಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಿತ್ತು. ಕಂಪನಿಯ ಹೆಸರು, ನನ್ನ ಹೆಸರು ಹೇಳಿದೆ. ಅವರು ತಲೆ ಎತ್ತಿದರು.

"ಕಡೂರಿನವ್ರಾ? ಪುಸ್ತಕದವ್ರು?"

ಹೂಂ ಎಂದೆ. ನಾಲ್ಕು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತು ಹೇಳಿದೆ. "ಅತ್ತಿಗೆ, ನಂಗೆ ಅವತ್ತು ನೀವು ಅಂತ ಗೊತ್ತಿತ್ತು. ಗೊತ್ತಿದ್ದೇ ಹೇಳ್ದೆ. ತಪ್ಪಾಯ್ತು."

ಅವರು ಬಿಲ್ಲಿನ ಅಡಿಯಲ್ಲಿ ಗೆರೆ ಎಳೆದರು.

"ನಂದು ಎಷ್ಟು ಅಂತ ಬರ್ದಿದೀರ?"

"ಹದಿನಾಲ್ಕು ಆಟ. ಹನ್ನೊಂದು ಗೆಲುವು."

"ಹನ್ನೆರಡು."

"ಇಲ್ಲ, ನಾನು..."

"ಹನ್ನೆರಡು. ಶ್ರಾವಣದ ಮೊದಲ್ನೇ ಸೋಮ್ವಾರ, ನಿಮ್ ಜೊತೆ ಆಟ. ಎರಡು-ಸೊನ್ನೆ ಇತ್ತು ನಂದು, ಮುಗಿಯೋಕೆ ಒಂಚೂರು ಬಾಕಿ. ಕರೆಂಟ್ ಹೋಯ್ತು. ಬಂದ್ರೆ ಮುಗ್ಸಣ ಅಂತ ಕತ್ಲಲ್ಲೇ ಕೂತಿದ್ದೆ. ಅದನ್ನ ನೀವು ನಿಮ್ ಕಡೆ ಹಾಕ್ಕೊಂಡಿದೀರ."

ಮಗು ಒಂದು ಪೈಪನ್ನು ಮೇಜಿನ ಮೇಲಿಟ್ಟಿತು. ಅವರು ಅದನ್ನು ಪಕ್ಕಕ್ಕೆ ಸರಿಸಿ, ಬಿಲ್ಲು ಹರಿದು ಕೊಟ್ಟರು.

"ಈಗ್ಲೂ ಆಡ್ತೀರಾ?"

"ಇಲ್ಲ, ಬಿಟ್ಬಿಟ್ಟೆ."

"ಯಾಕೆ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಿಮ್ದನ್ನ ಯಾರೂ ತಗೊಂಡೋಗಿಲ್ವಲ್ಲ."

ಅಷ್ಟರಲ್ಲಿ ರೈತರೊಬ್ಬರು ಮೋಟರಿನ ಬೆಲ್ಟು ಕೇಳಿಕೊಂಡು ಬಂದರು. ಅತ್ತಿಗೆ ಎದ್ದು ಒಳಗೆ ಹೋದರು. ನಾನು ಸಾಮಾನು ಎತ್ತಿಕೊಂಡು ಹೊರಗೆ ಬಂದೆ.

ಮನೆಗೆ ಬಂದು ಆ ವರ್ಷದ ಪುಸ್ತಕ ತೆಗೆದೆ. ಶ್ರಾವಣದ ಮೊದಲ ಸೋಮವಾರ, ಎರಡನೇ ಸಾಲು. ನನ್ನದೇ ದುಂಡನೆಯ ಅಕ್ಷರ: 'ಎರಡು-ಸೊನ್ನೆ ಇದ್ದಾಗ ಅವರ ಕಡೆ ಕರೆಂಟು ಹೋಯಿತು. ನಡುವೆ ಹೋದವರು ಸೋತ ಹಾಗೆ. ಗೆಲುವು ನಮಗೆ.' ಆ ಸಾಲನ್ನು ಹೊಡೆದು ಹಾಕಿದೆ. ಪುಸ್ತಕದ ಕೊನೆಯಲ್ಲಿ ಅವರದೆಂದು ಕೂಡಿಟ್ಟಿದ್ದ ಹನ್ನೊಂದನ್ನು ಹನ್ನೆರಡು ಮಾಡಿದೆ. ಆಮೇಲೆ ಆ ಏಳು ಸೋಮವಾರಗಳ ಎದುರು ಇದ್ದ 'ಪ್ರದೀಪ' ಎಂಬುದನ್ನೂ ಒಂದೊಂದಾಗಿ ಹೊಡೆಯುತ್ತ ಬಂದೆ. ಹದಿನಾಲ್ಕು ಕಡೆ ಹೊಡೆದ ಮೇಲೆ, ಅಲ್ಲಿ ಬರೆಯಬೇಕಾದ ಹೆಸರು ನನಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಯಾರನ್ನೂ ಕೇಳಿರಲಿಲ್ಲ. ಆ ದಿನ ಅಂಗಡಿಯಲ್ಲಿ ಎದುರಿಗೇ ಕೂತಿದ್ದರು, ಆಗಲೂ ಕೇಳಲಿಲ್ಲ.